ನಗರಪಾಲಿಕೆಯ ಗೋಡೆಗೆ ಒಣಹಾಕಿದ ಕೌದಿಗಳು

ಇನ್ನು ನದಿಯ ಘಾಟಿನ ಮೇಲೆ ಬಟ್ಟೆ ಒಗೆಯುವಂತಿಲ್ಲ ಎಂಬ ಸುದ್ದಿಯನ್ನು ನಮ್ಮ ಓಣಿಗೆ ತಂದದ್ದು ಕಸದ ಗಾಡಿ. ಹಸಿ ಕಸ ಬೇರೆ ಇಡಿ, ಒಣ ಕಸ ಬೇರೆ ಇಡಿ ಎಂದು ದಿನಾ ಬೆಳಿಗ್ಗೆ ಹಾಡುತ್ತ ಬರುವ ಗಾಡಿ ಅದು. ಅವತ್ತು ಹಾಡು ಅರ್ಧಕ್ಕೆ ನಿಂತು, ಒಬ್ಬ ಹೆಣ್ಣುಮಗಳ ನಯವಾದ ಮರಾಠಿ ದನಿ ಬಂತು. ನದಿಯ ದಂಡೆಯನ್ನು ನಗರಪಾಲಿಕೆ ಚಂದ ಮಾಡಲಿದೆ, ನಾಗರಿಕರಿಗೆ ಅಡ್ಡಾಡಲು ದಾರಿ ಆಗಲಿದೆ, ಕೂಡಲು ಬೆಂಚುಗಳು ಬರಲಿವೆ, ಆದ್ದರಿಂದ ನಾಳೆಯಿಂದ ಘಾಟಿನ ಮೇಲೆ ಬಟ್ಟೆ, ಹಾಸಿಗೆ, ದನ, ವಾಹನ ತೊಳೆಯುವುದು ಬಂದ್. ತೊಳೆದವರ ಮೇಲೆ ಕ್ರಮ. ಇಷ್ಟು ಹೇಳಿ ಗಾಡಿ ಮತ್ತೆ ಕಸದ ಹಾಡಿಗೆ ಹೊರಳಿತು.

ನಾನು ಬುಟ್ಟಿ ಹಿಡಿದುಕೊಂಡೇ ನಿಂತಿದ್ದೆ. ಹೊಸ್ತಿಲ ಮೇಲೆ ಕೂತು ಬಾಯಿ ಮುಕ್ಕಳಿಸುತ್ತಿದ್ದ ನನ್ನ ಅತ್ತೆ ಕೇಳಿದರು:

"ಏನಂದ್ಲ ಆಕಿ?"

"ಘಾಟಿನ ಮ್ಯಾಲ ಅರಿವಿ ಒಗೀಬಾರ್ದಂತ್ರಿ ಅತ್ತಿ."

"ಯಾವ ಘಾಟ?"

"ನಮ್ಮದ ರೀ."

ಅತ್ತೆ ಬಾಯಲ್ಲಿದ್ದ ನೀರನ್ನು ಮೋರಿಗೆ ಉಗುಳಿದರು. "ಅವಕ್ಕ ತಲಿ ಕೆಟ್ಟೈತಿ," ಎಂದು ಒಳಗೆ ಹೋಗಿ ರೊಟ್ಟಿ ಹಿಟ್ಟಿಗೆ ನೀರು ಹಾಕಿದರು. ಅವರ ಪಾಲಿಗೆ ಆ ಮಾತು ಅಲ್ಲಿಗೆ ಮುಗಿದಿತ್ತು.

ನಮ್ಮ ಊರು ಮಹಾರಾಷ್ಟ್ರದ ಇಚಲಕರಂಜಿಗೆ ಅಂಟಿಕೊಂಡೇ ಇದೆ. ಎಲ್ಲಿ ಆ ಊರು ಮುಗಿಯಿತು, ಎಲ್ಲಿ ನಮ್ಮದು ಸುರುವಾಯಿತು ಎಂದು ಮಗ್ಗಗಳ ಸದ್ದು ಕೇಳಿ ಹೇಳಲಾಗದು. ಎರಡೂ ಕಡೆ ಒಂದೇ ಖಟಖಟ. ಆದರೆ ನಗರಪಾಲಿಕೆ ಮಾತ್ರ ನಮ್ಮದೇ ಬೇರೆ. ಮೇಲಿನ ಭಾಗದಲ್ಲಿ ಹೊಸ ಬಂಗಲೆಗಳು, ಅಪಾರ್ಟಮೆಂಟುಗಳು. ಕೆಳಗೆ, ನದಿಯ ಕಡೆಗೆ, ನಾವು. ಚಿಕ್ಕೋಡಿ, ರಾಯಬಾಗ, ಜಮಖಂಡಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ನಿಂತವರ ಓಣಿಗಳು. ನಾನು ಮಾತ್ರ ಗಡಿಯ ಈ ಕಡೆಯವಳು. ಗಡಹಿಂಗ್ಲಜ ತಾಲೂಕಿನವಳು, ನೂಲದ ಪಕ್ಕದ ಹಳ್ಳಿ. ನನ್ನ ಗಂಡ ಮಗ್ಗದ ಶೆಡ್ಡಿನಲ್ಲಿ ಪಾಳಿ ಮಾಡುತ್ತಿದ್ದರು. ನಾನು ಮನೆಯಲ್ಲಿ ಕೌದಿ ಹೊಲಿಯುತ್ತಿದ್ದೆ, ಈಗಲೂ ಹೊಲಿಯುತ್ತೇನೆ. ಹಳೆಯ ಸೀರೆ, ಧೋತರ, ಹರಿದ ಚಾದರ ತಂದುಕೊಡುತ್ತಾರೆ. ಅವನ್ನು ಒಂದರ ಮೇಲೊಂದು ಹಾಸಿ, ಸುತ್ತಲೂ ಸಾಲು ಸಾಲಾಗಿ ಹೊಲಿಗೆ ಓಡಿಸಿದರೆ ಒಂದು ಮನೆಯ ಚಳಿಗಾಲ ಕಳೆಯುವ ಹೊದಿಕೆ. ಊರಿನಲ್ಲಿ ಕಂಬಳಿ, ಬ್ಲ್ಯಾಂಕೆಟ್ ಏನೇ ಬಂದರೂ ಕೌದಿಯ ಮೇಲೆ ಮಲಗಿದವರಿಗೆ ಬೇರೆಯದರ ಮೇಲೆ ನಿದ್ದೆ ಬರುವುದಿಲ್ಲ.

ಕೌದಿಗೆ ಒಂದೇ ಕಷ್ಟ, ಅದನ್ನು ಮನೆಯಲ್ಲಿ ತೊಳೆಯಲಾಗದು. ನೀರು ಕುಡಿದರೆ ಒಬ್ಬರ ಕೈಗೆ ಏಳುವುದಿಲ್ಲ. ಬಕೆಟ್ಟಿನಲ್ಲಿ ಹಿಡಿಯುವುದಿಲ್ಲ, ಮೋರಿಯಲ್ಲಿ ಹಾಸುವಷ್ಟು ಜಾಗ ನಮ್ಮ ಓಣಿಯ ಯಾರ ಮನೆಯಲ್ಲೂ ಇಲ್ಲ. ಮೇಲಾಗಿ ನಳಕ್ಕೆ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಅದರಲ್ಲಿ ಕುಡಿಯುವುದೋ, ಅಡುಗೆಯೋ, ಮೈ ತೊಳೆಯುವುದೋ? ಅದಕ್ಕೇ ಘಾಟು. ಕಲ್ಲಿನ ಅಗಲವಾದ ಮೆಟ್ಟಿಲು, ನೀರಿನ ಅಂಚಿಗೆ ಒಗೆಯುವ ಬಂಡೆಗಳು. ನವರಾತ್ರಿಗೆ ಘಟ ಕೂಡಿಸುವ ಮುಂಚೆ ಮನೆಯ ಹಾಸಿಗೆ, ಹೊದಿಕೆ, ಪಡದೆ ಎಲ್ಲ ತೊಳೆದಿರಬೇಕು. ಆ ವಾರ ಘಾಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇಬ್ಬಿಬ್ಬರು ಎರಡು ತುದಿ ಹಿಡಿದು ಕೌದಿ ಹಿಂಡುವುದು, ದಂಡೆಯ ಹುಲ್ಲಿನ ಮೇಲೆ ಹರಡುವುದು, ಒಣಗುವವರೆಗೆ ಬುತ್ತಿ ಬಿಚ್ಚಿ ಕೂಡುವುದು. ವರ್ಷವಿಡೀ ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡುವ ನಾವು ಅಲ್ಲಿ ಮೆಲ್ಲಗೆ ಮಾತಾಡುತ್ತಿದ್ದೆವು.

ಆ ವರ್ಷ ಮಳೆ ಭಾಳ ಆಗಿತ್ತು. ನದಿ ತುಂಬಿ ಕೆಳಗಿನ ಓಣಿಗೆ ನೀರು ಹೊಕ್ಕಿತ್ತು. ನಾವು ಶಾಲೆಯಲ್ಲಿ ಉಳಿದು, ನೀರು ಇಳಿದ ಮೇಲೆ ಮನೆಗೆ ಬಂದಾಗ ಗೋಡೆಯ ಮೇಲೆ ಎದೆಮಟ್ಟ ಕೆಸರಿನ ಗೆರೆ. ಮಂಚದ ಮೇಲೆ ಎಸೆದು ಹೋಗಿದ್ದ ಹಾಸಿಗೆಗಳೂ ತೊಯ್ದಿದ್ದವು. ಬಿಸಿಲಿಗೆ ಹಾಕಿ ಒಣಗಿಸಿದರೂ ಕೌದಿಗಳಿಂದ ರಾಡಿಯ ವಾಸನೆ ಹೋಗಿರಲಿಲ್ಲ. ನವರಾತ್ರಿ ಬರಲಿ, ನದಿ ತಿಳಿಯಾಗಲಿ ಎಂದು ಕಾಯುತ್ತಿದ್ದೆವು. ಅಷ್ಟರಲ್ಲಿ ಈ ಗಾಡಿ ಬಂತು. ಅದರ ಮರುದಿನವೇ ಘಾಟಿಗೆ ಇಳಿಯುವ ದಾರಿಗೆ ಅಡ್ಡಲಾಗಿ ಕಬ್ಬಿಣದ ಕಂಬ ನಿಲ್ಲಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನೀಲಿ ತಗಡು ಬಡಿದರು.

ಮೊದಲು ನಾವು ನಮ್ಮ ನಗರಸೇವಕರ ಹತ್ತಿರ ಹೋದೆವು. ನಾನು, ಅತ್ತೆ, ಮತ್ತು ಪಕ್ಕದ ಮನೆಯ ವೈನಿ. ಈ ವೈನಿ ಮತ್ತು ಅವರ ಗಂಡ ಓಣಿಯ ಮೂಲೆಯಲ್ಲಿ ಮಗ್ಗದ ಬಿಡಿಭಾಗ ರಿಪೇರಿ ಮಾಡುವ ಸಣ್ಣ ವೆಲ್ಡಿಂಗ್ ಅಂಗಡಿ ನಡೆಸುತ್ತಾರೆ. ಬೌದ್ಧರು, ಅವರ ಅಜ್ಜ ಅಥಣಿ ಕಡೆಯಿಂದ ಬಂದವರು. ವೈನಿ ಮರಾಠಿಯನ್ನು ನಮಗಿಂತ ಚೊಕ್ಕವಾಗಿ ಆಡುತ್ತಾರೆ, ಯಾರಿಗೂ ಅಂಜುವುದಿಲ್ಲ. ಅವರ ಮನೆಯಲ್ಲಿ ಘಟ ಕೂಡಿಸುವುದಿಲ್ಲ. "ನಿಮಗ್ಯಾಕ ಈ ಜಗಳ?" ಎಂದು ಓಣಿಯ ಯಾರೋ ಕೇಳಿದ್ದಕ್ಕೆ ಅವರು, "ದಸರಾ ದಿನಾ ನಮ್ಮ ಧಮ್ಮಚಕ್ರದ ಹಬ್ಬ. ಮನಿ ತೊಳ್ಯೂದು ನಮಗೂ ಐತಿ. ಘಟ ಇರದಿದ್ರ ಏನಾತು, ಕೌದಿ ಇಲ್ಲೇನು?" ಎಂದಿದ್ದರು.

ನಗರಸೇವಕರು ನಮ್ಮವರೇ. ಅವರ ತಾಯಿ ಮತ್ತು ನನ್ನ ಅತ್ತೆ ಒಂದೇ ಕಡೆಯಿಂದ ಮದುವೆಯಾಗಿ ಬಂದವರು. ಚುನಾವಣೆಯ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಕೂತು ಚಟ್ನಿ ರೊಟ್ಟಿ ತಿಂದು, ಕನ್ನಡದಲ್ಲಿ ಎಲ್ಲರ ಸುಖದುಃಖ ಕೇಳಿ ಹೋಗಿದ್ದರು. ಅವತ್ತೂ ಕನ್ನಡದಲ್ಲೇ ಸುರು ಮಾಡಿದರು.

"ಬರ್ರಿ ಅಕ್ಕಾರ, ಕೂಡ್ರಿ. ಚಾ ತರಸ್ತೀನಿ."

ವಿಷಯ ಹೇಳಿದೆವು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮರಾಠಿಗೆ ಬಂದರು. ಮೇಲಿನಿಂದ ನಿಧಿ ಬಂದಿದೆ, ಠರಾವು ಆಗಿಹೋಗಿದೆ, ಈಗ ತಮ್ಮ ಕೈಯಲ್ಲಿ ಏನೂ ಇಲ್ಲ, ಊರು ಸುಧಾರಿಸಬೇಕಾದರೆ ಸ್ವಲ್ಪ ತ್ರಾಸು ಎಲ್ಲರೂ ತಾಳಬೇಕು ಎಂದರು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು.

"ಮತಾ ಕೇಳೂಮುಂದ ಕನ್ನಡ, ಇಲ್ಲ ಅನ್ನೂಮುಂದ ಮರಾಠಿ ಏನಪಾ ನಿಂದು?"

ನಗರಸೇವಕರು ನಕ್ಕರು. ನಕ್ಕದ್ದು ಕೆಂಪಾದ ಕಿವಿಗಳನ್ನು ಮುಚ್ಚಿಕೊಳ್ಳಲು ಎಂದು ನನಗೆ ಅನಿಸಿತು. "ಮೌಶಿ, ಮುಖ್ಯಾಧಿಕಾರಿ ಸಾಹೇಬ್ರ ಸೋಮವಾರ ಜನರ ತಕರಾರ ಕೇಳ್ತಾರ. ಅಲ್ಲಿ ಬರ್ರಿ, ನಾನೂ ಇರ್ತೀನಿ," ಎಂದರು.

ಸೋಮವಾರ ಹೋದೆವು. ಅವರು ಇರಲಿಲ್ಲ.

ಮುಖ್ಯಾಧಿಕಾರಿಗಳು ಬೇರೆ ಜಿಲ್ಲೆಯಿಂದ ಬಂದ ಎಳೆಯ ವಯಸ್ಸಿನವರು. ದನಿ ಎತ್ತುವವರಲ್ಲ, ಮಾತಿನ ನಡುವೆ ಫೋನು ನೋಡುವವರೂ ಅಲ್ಲ. ನಮ್ಮನ್ನು ಕೂಡಿಸಿದರು. ನಾನು ಮರಾಠಿಯಲ್ಲಿ ಹೇಳಲು ಬಾಯಿ ತೆರೆಯುವ ಮೊದಲೇ ಅತ್ತೆ ಕನ್ನಡದಲ್ಲಿ ಹೇಳತೊಡಗಿದರು. ಸಾಹೇಬರು ಕೈ ಎತ್ತಿ, "ಆಜೀ, ಕಾನಡೀ ನಕೋ, ಮರಾಠೀತ್ ಸಾಂಗಾ," ಎಂದರು, ಕನ್ನಡ ಬೇಡ, ಮರಾಠಿಯಲ್ಲಿ ಹೇಳಿ ಎಂದು. ಅತ್ತೆಗೆ ಮರಾಠಿ ಬರುತ್ತಿರಲಿಲ್ಲ ಎಂದಲ್ಲ. ಈ ಊರಿಗೆ ಬಂದು ಅವರ ತಲೆ ಬೆಳ್ಳಗಾಗಿತ್ತು; ಬಾಜಾರದಲ್ಲಿ ಚೌಕಾಸಿ ಮಾಡುವಷ್ಟು, ಜಗಳ ಆಡುವಷ್ಟು ಮರಾಠಿ ಇತ್ತು. ಆದರೆ ಅವತ್ತು ಅವರು ವೈನಿಯ ಕಡೆ ತಿರುಗಿ, "ನಾ ಹೇಳ್ತೀನಿ, ನೀ ಅವರಿಗೆ ತಿಳಿಸವಾ," ಎಂದರು. ಮತ್ತೆ ಕನ್ನಡದಲ್ಲೇ ಮುಂದುವರಿದರು.

"ಸಾಹೇಬ್ರ, ಹೊಳಿ ನಮ್ಮನಿಗೆ ಬರತೈತಿ. ಈ ವರ್ಷಾನೂ ಬಂದಿತ್ತು. ನಮ್ಮ ಹಾಸಿಗಿ ಮ್ಯಾಲ ಮಲಗಿತ್ತು, ನಮ್ಮ ಒಲಿ ಆರಿಸಿತ್ತು. ಆಗ ನೀವು ಯಾರೂ ಅದಕ್ಕ ತಗಡ ಹಚ್ಚಿ ನಿಂದರ್ಸಲಿಲ್ಲ. ಈಗ ಅದು ಬಿಟ್ಟ ಹ್ವಾದ ರಾಡಿ ತೊಳ್ಯಾಕ ನಾವು ಅದರ ಮನಿಗೆ ಹೊಂಟ್ರ, ನಮಗ ತಗಡ ಹಚ್ಚೀರಿ. ಇದ್ಯಾವ ನ್ಯಾಯ?"

ವೈನಿ ಅದನ್ನು ಮರಾಠಿಗೆ ತಂದರು. ತರುವಾಗ ತಮ್ಮದೂ ಒಂದಿಷ್ಟು ಸೇರಿಸಿದರು; ಅತ್ತೆಯ ಮಾತಿಗಿಂತ ಮರಾಠಿ ಉದ್ದವಾಯಿತು. ಸಾಹೇಬರು ಸಮಾಧಾನದಿಂದಲೇ ಉತ್ತರ ಕೊಟ್ಟರು. ಸಾಬೂನಿನಿಂದ ನದಿ ಹೊಲಸಾಗುತ್ತದೆ, ಮೀನು ಸಾಯುತ್ತವೆ, ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ ಎಂದರು.

ಅದರಲ್ಲಿ ಸುಳ್ಳಿರಲಿಲ್ಲ. ನೊರೆಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಘಾಟಿನಿಂದ ಕೂಗಳತೆಯ ದೂರದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರಖಾನೆಗಳಿಂದ ನದಿಗೆ ಬಂದು ಬೀಳುವ ನಾಲೆಯನ್ನೂ ನೋಡಿದ್ದೇನೆ. ಒಂದು ದಿನ ನೀಲಿ ಹರಿಯುತ್ತದೆ, ಒಂದು ದಿನ ಕುಂಕುಮದ ಬಣ್ಣ.

"ಬಣ್ಣದ ನೀರು ಬಿಡೋರಿಗೆ ತಗಡು ಯಾವಾಗ ಬಡೀತೀರಿ ಸಾಹೇಬ್ರ?" ಎಂದು ನಾನು ಮರಾಠಿಯಲ್ಲಿ ಕೇಳಿದೆ.

"ಅದು ನಮ್ಮ ಕಡೆ ಬರುವುದಿಲ್ಲ. ಬೇರೆ ಇಲಾಖೆ," ಎಂದರು.

"ಹಂಗಾದ್ರ ನಮ್ಮನ್ನೂ ಆ ಇಲಾಖೆಗೆ ಕಳಿಸ್ರಿ," ಎಂದರು ವೈನಿ.

ಸಾಹೇಬರಿಗೆ ನಗು ಬಂತು, ತಡೆದುಕೊಂಡರು. ಕೊನೆಗೆ ಹಬ್ಬದವರೆಗೆ ನಿಮ್ಮ ಓಣಿಗೆ ಟ್ಯಾಂಕರ್ ಕಳಿಸುತ್ತೇನೆ, ಮನೆಯ ಮುಂದೆಯೇ ತೊಳೆದುಕೊಳ್ಳಿ ಎಂದು ಮಾತು ಕೊಟ್ಟರು. ಟ್ಯಾಂಕರ್ ಬಂತು ಕೂಡ, ಒಂದು ಸಲ. ಮೇಲಿನ ಓಣಿಯ ಮೂಲೆ ದಾಟುವ ಮೊದಲೇ ಖಾಲಿಯಾಗಿತ್ತು. ನಮ್ಮ ಕೊಡಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು.

ಟ್ಯಾಂಕರ್ ಬಂದ ದಿನ ಸಂಜೆ ಗಂಡ ಪಾಳಿ ಮುಗಿಸಿ ಬಂದವರು ಊಟಕ್ಕೆ ಕೂಡುವ ಮೊದಲೇ ಹೇಳಿದರು: "ಮಾಲಕ ಇವತ್ತ ಕರದಿದ್ದ. ನಿನ್ನ ಹೇಣ್ತಿ ನಗರಪಾಲಿಕಿಗೆ ಹೋಗಿ ಭಾಷಣ ಮಾಡಾಕತ್ತಾಳಂತ, ಹೌದೇನ ಅಂದಾ."

ಶೆಡ್ಡಿನ ಮಾಲಕ ನದಿದಂಡೆಯ ಕೆಲಸ ಹಿಡಿದ ಗುತ್ತಿಗೆದಾರನಿಗೆ ಸಂಬಂಧಿಕ ಎಂದು ನನಗೆ ಆಗ ಗೊತ್ತಿರಲಿಲ್ಲ.

"ನೀವೇನಂದ್ರಿ?"

"ಹೌದ್ರಿ ಅಂದ್ನಿ." ತಟ್ಟೆ ಎಳೆದುಕೊಂಡು ರೊಟ್ಟಿ ಮುರಿದರು. "ಇಷ್ಟಕ್ಕ ಸಾಕ ಮಾಡು. ನಾಳೆ ನನ್ನ ಹಳೇ ಮಗ್ಗಕ್ಕ ಹಚ್ಚಿದ್ರ ಏನ ಮಾಡ್ತಿ?"

ಹಳೆಯ ಮಗ್ಗ ಎಂದರೆ ನಿಮಿಷಕ್ಕೊಮ್ಮೆ ಎಳೆ ಹರಿಯುವ ಮಗ್ಗ. ಎಳೆ ಹರಿದಷ್ಟು ಬಟ್ಟೆ ಕಡಿಮೆ, ಬಟ್ಟೆ ಕಡಿಮೆಯಾದಷ್ಟು ಪಗಾರ ಕಡಿಮೆ. ಅತ್ತೆ ಒಲೆಯ ಮುಂದಿನಿಂದಲೇ ಮಗನಿಗೆ ಹೇಳಿದರು: "ನೀ ಹೊದಕೊಳ್ಳೂ ಕೌದಿ ಮೂಸಿ ನೋಡು. ಆಮ್ಯಾಲ ಮಾತಾಡು."

ಘಟ ಕೂಡಿಸುವ ಮುಂಚಿನ ಅಮಾವಾಸ್ಯೆಗೆ ಎರಡು ದಿನ ಉಳಿದಿದ್ದವು. ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿದೆವು. ಕೌದಿಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಓಣಿಯಿಂದ ಹೊರಟೆವು. ಯಾರೂ ಯಾರನ್ನೂ ಕರೆದಿರಲಿಲ್ಲ. ಅತ್ತೆ ಗಂಟು ಹೊತ್ತು ಬಾಗಿಲು ದಾಟಿದ್ದನ್ನು ನೋಡಿ ಎದುರು ಮನೆಯವರು ಹೊರಟರು, ಅವರನ್ನು ನೋಡಿ ಹಿಂದಿನ ಮನೆಯವರು. ತಗಡಿನ ಮುಂದೆ ಬಂದು ನಿಲ್ಲುವ ಹೊತ್ತಿಗೆ ಓಣಿಯ ಅರ್ಧ ಹೆಂಗಸರು ಅಲ್ಲಿದ್ದೆವು. ಯಾರೋ ಒಬ್ಬರು ಕಲ್ಲು ಎತ್ತಿಕೊಂಡರು. ವೈನಿ ಅವರ ಕೈ ಹಿಡಿದರು.

"ಮುರೀಬ್ಯಾಡ್ರಿ. ಮುರದ್ರ ನಮ್ಮ ಮ್ಯಾಲ ಕೇಸ್ ಹಾಕ್ತಾರ. ಬಿಚ್ಚೂನು."

ಅವರು ಸೊಂಟದಿಂದ ಪಾನಾ ತೆಗೆದರು. ದಿನವೂ ಅಂಗಡಿಯಲ್ಲಿ ನಟ್ಟು ಬೋಲ್ಟು ಬಿಚ್ಚುವ ಕೈ. ತಗಡಿನ ಹಿಂದೆ ಕೈ ತೂರಿಸಿ ನಾನು ನಟ್ಟು ಹಿಡಿದೆ, ಅವರು ತಿರುವಿದರು. ಬಿಚ್ಚಿದ ಬೋಲ್ಟುಗಳನ್ನು ಅತ್ತೆ ತಮ್ಮ ಬುತ್ತಿಯ ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಂಡರು. ಎರಡು ತಗಡು ಬಿಚ್ಚಿ, ಮಣ್ಣು ಹತ್ತದಂತೆ ಕಂಬಕ್ಕೆ ಒರಗಿಸಿಟ್ಟು, ನಾವು ಒಬ್ಬೊಬ್ಬರಾಗಿ ಒಳಗೆ ಹೋದೆವು.

ಘಾಟಿನ ಮೆಟ್ಟಿಲುಗಳ ಮೇಲೆ ಮಹಾಪೂರದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಮೊದಲು ಅದನ್ನು ಕೆರೆದು ತೊಳೆದೆವು. ಆಮೇಲೆ ಕೌದಿಗಳನ್ನು ನೀರಿಗೆ ಬಿಟ್ಟೆವು. ಮೊದಲ ಸಲ ತುಳಿದಾಗ ಬಂದ ನೀರು ಚಹಾದಂತಿತ್ತು. ತುಳಿದು, ಎತ್ತಿ, ಜಾಲಿಸಿ, ಮತ್ತೆ ತುಳಿದು, ನಾಲ್ಕನೆಯ ಸಲಕ್ಕೆ ಬಣ್ಣಗಳು ಕಂಡವು. ಅತ್ತೆಯ ಕೌದಿಯಲ್ಲಿ ಅವರ ತವರಿನ ಇಳಕಲ್ ಸೀರೆಯ ಒಂದು ತುಂಡು ಇದೆ, ಮಾವನವರ ರುಮಾಲಿನ ಅಂಚು ಇದೆ. ಅದನ್ನು ಅವರು ಬೇರೆ ಯಾರಿಗೂ ತುಳಿಯಲು ಕೊಡುವುದಿಲ್ಲ. ಮಂಡಿ ನೋವಿದ್ದರೂ ಸೀರೆ ಎತ್ತಿ ಕಟ್ಟಿ ತಾವೇ ತುಳಿದರು. ಸಾಬೂನು, ಸೋಡಾ ಪುಡಿಯನ್ನು ಅವತ್ತು ಯಾರೂ ತಂದಿರಲಿಲ್ಲ. ಸಾಹೇಬರ ಮಾತನ್ನು ನಾವು ಅಷ್ಟಾದರೂ ಕೇಳಿದ್ದೆವು.

ಕೌದಿಗಳನ್ನು ಇನ್ನೂ ಹಿಂಡುತ್ತಿದ್ದೆವು, ನಗರಪಾಲಿಕೆಯ ಟ್ರ್ಯಾಕ್ಟರು ಬಂದು ನಿಂತಿತು. ಸಫಾಯಿ ಕೆಲಸದವರ ಮುಕಾದಮ ಇಳಿದ. ಅವನ ಹಿಂದೆ ನಾಲ್ವರು ಆಳುಗಳು. ಮುಕಾದಮ ತಗಡುಗಳನ್ನು ನೋಡಿದ, ನಮ್ಮನ್ನು ನೋಡಿದ.

"ಇವನ್ನ ಯಾರು ಮುರದ್ರು?"

"ಯಾರೂ ಮುರದಿಲ್ಲ," ಎಂದು ಅತ್ತೆ ಡಬ್ಬಿಯ ಮುಚ್ಚಳ ಮುಂದೆ ಹಿಡಿದರು. "ಎಣಸ್ಕೊ ಬೇಕಾದ್ರ."

ಅವನು ಫೋನು ಮಾಡಿದ. ಆ ಕಡೆಯಿಂದ ಏನು ಹೇಳಿದರೋ, ಮುಖ ಸಣ್ಣದು ಮಾಡಿಕೊಂಡು, "ಅರಿವಿ ಎಲ್ಲಾ ಜಪ್ತ ಮಾಡಂದಾರ್ರಿ. ನನ್ನ ಮ್ಯಾಲ ಸಿಟ್ಟ ಆಗಬ್ಯಾಡ್ರಿ," ಎಂದ.

ನಾವು ಅಡ್ಡ ನಿಲ್ಲಲಿಲ್ಲ. ಜಪ್ತು ಎಂಬ ಮಾತಿಗೆ ನಾನು ಅಂಜಿದ್ದೆ. ಆದರೆ ವೈನಿ ಮೆಟ್ಟಿಲ ಮೇಲೆ ಕೂತು, ಕಾಲು ಚಾಚಿ, "ಎತ್ತಲಿ, ಎತ್ತಲಿ. ನೋಡೂನು," ಎಂದರು. ಹಸಿ ಕೌದಿ ಎಂದರೆ ಏನು ಎಂದು ಆ ನಾಲ್ವರಿಗೆ ತಿಳಿದಿರಲಿಲ್ಲ. ಒಂದನ್ನು ಇಬ್ಬರು ಹಿಡಿದರು. ನಡುಮೆಟ್ಟಿಲಿಗೆ ಬರುವಷ್ಟರಲ್ಲಿ ಜಾರಿತು. ಮೂವರು ಹಿಡಿದರು. ಅಂಗಿ, ಚಣ್ಣ ಎಲ್ಲ ತೊಯ್ದು ಹೋಯಿತು. ಒಬ್ಬ ಉಸ್ಸೆಂದು ಕೂತು, "ಅಕ್ಕಾ, ತುಸು ಕೈ ಹಚ್ಚರಿ," ಎಂದ. ಘಾಟಿನ ತುಂಬ ನಗು ಎದ್ದಿತು. ಅತ್ತೆ ಮಾತ್ರ ನಗಲಿಲ್ಲ. "ನೆಲದ ಮ್ಯಾಲ ಎಳದ ನನ್ನ ಕೌದಿ ಹರೀತಾವ ಇವು," ಎಂದು ಎದ್ದು ಹೋಗಿ ಒಂದು ತುದಿ ಹಿಡಿದರು. ಹಾಗೆ ನಮ್ಮ ಕೌದಿಗಳನ್ನು ಜಪ್ತು ಮಾಡಲು ನಾವೇ ಟ್ರ್ಯಾಕ್ಟರಿಗೆ ಏರಿಸಿಕೊಟ್ಟೆವು.

ಟ್ರ್ಯಾಕ್ಟರು ಮುಂದೆ, ನಾವು ಹಿಂದೆ. ಬಾಜಾರದ ರಸ್ತೆಯ ಉದ್ದಕ್ಕೂ ನೀರು ಸೋರುತ್ತ ಹೋಯಿತು. ಅಂಗಡಿಯವರು ಹೊರಗೆ ಬಂದು ನೋಡಿದರು, ಏನಾಯಿತು ಎಂದು ಕೇಳಿದರು. ವೈನಿ ಮರಾಠಿಯಲ್ಲಿ, ಅತ್ತೆ ಕನ್ನಡದಲ್ಲಿ, ನಾನು ಕೇಳಿದವರ ಭಾಷೆಯಲ್ಲಿ ಹೇಳುತ್ತ ನಡೆದೆವು.

ನಗರಪಾಲಿಕೆಯ ಆವರಣದಲ್ಲಿ ಟ್ರಾಲಿಯನ್ನು ಒಂದು ಮೂಲೆಗೆ ನಿಲ್ಲಿಸಿ ಚಾಲಕ ಹೊರಟುಹೋದ. ಮುಖ್ಯಾಧಿಕಾರಿಗಳು ಮೀಟಿಂಗಿಗೆ ಕೊಲ್ಹಾಪುರಕ್ಕೆ ಹೋಗಿದ್ದರು, ಮಧ್ಯಾಹ್ನ ಕಳೆದ ಮೇಲೆ ಬರುತ್ತಾರೆ ಎಂದರು. ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು. ನಾವು ಬೇವಿನ ಮರದ ಕೆಳಗೆ ಕೂತೆವು. ಬಿಸಿಲು ಏರಿತು. ಅತ್ತೆ ಮತ್ತೆ ಮತ್ತೆ ಟ್ರಾಲಿಯ ಕಡೆ ನೋಡುತ್ತಿದ್ದರು. ಕೊನೆಗೆ ಎದ್ದು ಹೋಗಿ ರಾಶಿಯೊಳಗೆ ಕೈ ಹಾಕಿ ನೋಡಿದರು.

"ಒಳಗ ಬಿಸಿ ಆಗಾಕತ್ತೈತಿ. ಹಿಂಗ ಬಿಟ್ರ ಸಂಜಿಮಟ ಹುಳಿತ ಹೊಕ್ಕಾವು. ಎಲ್ಲಾ ದಂಡ."

"ಏನ ಮಾಡೂನ್ರಿ ಮತ್ತ?" ಎಂದೆ.

ಅವರು ಸುತ್ತಲೂ ಕಣ್ಣು ಹಾಯಿಸಿದರು. ಉದ್ದನೆಯ ಕಂಪೌಂಡ್ ಗೋಡೆ. ಮೆಟ್ಟಿಲಿನ ಎರಡೂ ಕಡೆ ಕಬ್ಬಿಣದ ಕಟಾಂಜನ. ಮೇಲೆ, ಸಭಾಗೃಹದ ಮುಂದೆ, ಬಿಸಿಲು ನೇರ ಬೀಳುವ ಗ್ಯಾಲರಿ.

"ಜಾಗಾ ಭಾಳ ಐತಿ," ಎಂದರು ಅತ್ತೆ.

ಮೊದಲ ಕೌದಿ ಅವರದೇ. ನಾನು ಮತ್ತು ವೈನಿ ಎರಡು ತುದಿ ಹಿಡಿದು ಹಿಂಡಿ, ಗೇಟಿನ ಪಕ್ಕದ ಗೋಡೆಯ ಮೇಲೆ ಹರಡಿದೆವು. ಒಬ್ಬ ಕಾರಕೂನರು ಓಡಿ ಬಂದು, ಇದು ಸರಕಾರಿ ಜಾಗ, ತೆಗೆಯಿರಿ ಎಂದರು. ನಾವು ಎರಡನೆಯದನ್ನು ಹರಡಿದೆವು. ಅವರು ಶಿಪಾಯಿಯನ್ನು ಕರೆದರು. ಶಿಪಾಯಿ ಬಂದು ನೋಡಿ, ತಲೆ ಕೆರೆದುಕೊಂಡು, "ಹಸೀ ಅದಾವ ಸಾಹೇಬ, ನನ್ನ ಕೈಲೆ ಏಳೂದಿಲ್ಲ," ಎಂದು ಹೋದ. ಗೋಡೆ ತುಂಬಿತು, ಕಟಾಂಜನ ತುಂಬಿತು. ಕೆಲವರು ಮಹಡಿ ಏರಿ ಗ್ಯಾಲರಿಯಿಂದ ಇಳಿಬಿಟ್ಟರು. ಕೆಂಪು, ಹಸಿರು, ಅರಿಸಿನ, ಚೌಕಡಿ, ಹೂವಿನದು. ದಾಖಲೆಗಾಗಿ, ನೀರಿನ ಬಿಲ್ಲಿಗಾಗಿ ಬಂದ ಜನ ನಿಂತು ಫೋಟೋ ತೆಗೆದರು. ನಾನು ಹೊಲಿದ ಕೌದಿಗಳೇ ಅದರಲ್ಲಿ ಅರ್ಧ ಇದ್ದವು. ಅವನ್ನೆಲ್ಲ ಒಟ್ಟಿಗೆ ನಾನೇ ಎಂದೂ ನೋಡಿರಲಿಲ್ಲ. ಒಂದೊಂದಾಗಿ ಹೊಲಿದು ಒಂದೊಂದು ಮನೆಗೆ ಕೊಟ್ಟದ್ದು. ಅಂಜಿಕೆ ಹೋಗಿ ನನಗೆ ಒಂದು ಥರದ ಸೊಕ್ಕು ಬಂತು. ಅದನ್ನು ಬೇರೆ ಹೆಸರಿನಿಂದ ಕರೆಯಲು ಇವತ್ತಿಗೂ ಮನಸ್ಸಿಲ್ಲ.

ಸಾಹೇಬರ ಗಾಡಿ ಬಂದಾಗ ನಾವು ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆವು. ಅವರು ಇಳಿದು, ಗೇಟಿನಲ್ಲೇ ನಿಂತು, ತಮ್ಮ ಆಫೀಸನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ನಮ್ಮ ಕಡೆ ಬಂದರು.

"ಇಲ್ಲಿ ಒಣಹಾಕಲು ಪರವಾನಗಿ ಯಾರು ಕೊಟ್ಟರು?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಎದ್ದು ನಿಂತೆ. ಕೈಯಲ್ಲಿ ರೊಟ್ಟಿಯ ತುಂಡು ಇತ್ತು. "ತುಮ್ಹೀಚ್ ಆಣಲೀ, ಸಾಹೇಬ್," ಎಂದೆ. ನೀವೇ ತಂದಿರಲ್ಲ.

ಯಾರೂ ನಗಲಿಲ್ಲ. ನಾನು ಮುಂದುವರಿಸಿದೆ: ನಾವು ನದಿಯ ದಂಡೆಯಲ್ಲಿ ಒಣಹಾಕುವವರಿದ್ದೆವು, ನಿಮ್ಮ ಟ್ರ್ಯಾಕ್ಟರು ಇಲ್ಲಿಗೆ ತಂದಿತು. ಜಪ್ತು ಮಾಡಿದ್ದನ್ನು ಹಾಳಾಗದಂತೆ ಇಡುವುದು ನಿಮ್ಮ ಕೆಲಸ. ನಿಮ್ಮ ಕೆಲಸ ನಾವು ಮಾಡಿದ್ದೇವೆ. ಒಣಗಿದ ಮೇಲೆ ಬೇಕಾದರೆ ಒಳಗೆ ಇಟ್ಟುಕೊಳ್ಳಿ. ಆದರೆ ಇವತ್ತು ನಮ್ಮ ಮನೆಯಲ್ಲಿ ಹಾಸಲು ಏನೂ ಇಲ್ಲ, ಆದ್ದರಿಂದ ನಾವೂ ಇಲ್ಲಿಯೇ ಮಲಗುತ್ತೇವೆ.

ಕೊನೆಯ ಮಾತು ನಾನು ಮೊದಲೇ ಯೋಚಿಸಿದ್ದಲ್ಲ, ಬಾಯಿಗೆ ಬಂತು. ನನ್ನ ಹಿಂದಿದ್ದವರೆಲ್ಲ ಹೌದು ಹೌದು ಎಂದರು. ಸಾಹೇಬರು ಬೇವಿನ ಕೆಳಗಿನ ನಮ್ಮ ಗುಂಪನ್ನೂ ಗೇಟಿನ ಹೊರಗೆ ನೆರೆದ ಜನರನ್ನೂ ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನಗರಸೇವಕರ ಮೋಟರ್ ಸೈಕಲ್ ಬಂತು. ಅವರು ನಮ್ಮತ್ತ ನೋಡದೆ ಒಳಗೆ ಹೋದರು. ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಹೊರಗೆ ಬಂದು ತೀರ್ಪು ಹೇಳಿದರು, ತಾವೇ ಗಳಿಸಿಕೊಟ್ಟವರ ಹಾಗೆ: ಕೌದಿಗಳನ್ನು ಒಯ್ಯಿರಿ, ದಸರೆಯವರೆಗೆ ಘಾಟು ತೆರೆದಿರುತ್ತದೆ, ಮುಂದಿನದನ್ನು ಸಭೆ ಠರಾಯಿಸುತ್ತದೆ.

ದಸರೆಯ ನಂತರ ಸಭೆ ಆಯಿತು. ನಾವು ಸಭಾಗೃಹದೊಳಗೆ ಜನರಿಗೆಂದು ಇಟ್ಟ ಗ್ಯಾಲರಿಯಲ್ಲಿ ಕೂತು ಕೇಳಿದೆವು. ಅಡ್ಡಾಡುವ ದಾರಿ ಆಗುತ್ತದೆ. ಆದರೆ ತೆಂಕಣ ಬದಿಯ ಮೆಟ್ಟಿಲನ್ನು ಹಾಗೇ ಉಳಿಸಿ, ಅಲ್ಲಿ ಬೆಳಗಿನ ಹೊತ್ತು ಹಾಸಿಗೆ ಬಟ್ಟೆ ತೊಳೆಯಬಹುದು. ದನ, ವಾಹನ ಬೇಡ. ಠರಾವಿನಲ್ಲಿ ಇದನ್ನು ಮಹಿಳೆಯರ ಮೇಲಿನ ಸಹಾನುಭೂತಿಯಿಂದ ಕೊಡಲಾಗಿದೆ ಎಂದು ಓದಿದರು. ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿತು. ನಾವು ಯಾರ ಕನಿಕರವನ್ನೂ ಬೇಡಿರಲಿಲ್ಲ. ಎದ್ದು ನಿಂತು ಹೇಳಬೇಕೆಂದಿದ್ದೆ. ಗ್ಯಾಲರಿಯಲ್ಲಿ ಕೂತವರು ಮಾತಾಡಬಾರದಂತೆ. ಮೆಟ್ಟಿಲು ಇಳಿಯುವಾಗ ಎದುರು ಸಿಕ್ಕ ಸಾಹೇಬರಿಗೆ, "ಸಹಾನುಭೂತಿ ಅಂತ ಬರೀಬ್ಯಾಡ್ರಿ, ಹಕ್ಕು ಅಂತ ಬರೀರಿ," ಎಂದೆ. ಅವರು ತಲೆ ಅಲ್ಲಾಡಿಸಿದರು. ಬರೆದದ್ದು ಬದಲಾಗಲಿಲ್ಲ.

ಗಂಡನನ್ನು ಹಳೆಯ ಮಗ್ಗಕ್ಕೆ ಹಚ್ಚಿದರು. ಅವರು ಒಂದು ವಾರ ಬಾಯಿ ಬಿಡದೆ ಎಳೆ ಜೋಡಿಸಿದರು. ನನಗೂ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಪಗಾರದ ದಿನ ಮಾಲಕ, "ಈಗ ಹೇಣ್ತಿ ಸುಮ್ಮ ಕುಂತಾಳಿಲ್ಲೋ?" ಎಂದು ಕೇಳಿದನಂತೆ. "ನಾ ಆಕೀನ ಸುಮ್ಮ ಕೂಡ್ರಂತ ಹೇಳಿಲ್ಲರಿ," ಎಂದು ಇವರು ಅಲ್ಲಿಯೇ ಕೆಲಸ ಬಿಟ್ಟು ಮನೆಗೆ ಬಂದರು. ಈಗ ಇಚಲಕರಂಜಿಯ ಬೇರೆ ಶೆಡ್ಡಿನಲ್ಲಿದ್ದಾರೆ. ಸೈಕಲ್ ದಾರಿ ದೂರವಾಯಿತು, ಮಂಡಿ ನೋವು ಸುರುವಾಗಿದೆ. ಅದಕ್ಕೆ ನಾನು ಹೊಣೆಯೇ ಎಂದು ಒಮ್ಮೆ ಕೇಳಿದ್ದೆ. "ಮಗ್ಗ ಎಲ್ಲಾ ಕಡೆ ಅದಾವ," ಎಂದಷ್ಟೇ ಹೇಳಿದರು.

ನದಿದಂಡೆಯ ದಾರಿ ಚಂದವೇ ಆಗಿದೆ, ಸುಳ್ಳು ಹೇಳುವುದಿಲ್ಲ. ಮೇಲಿನ ಭಾಗದವರು ಬೂಟು ಹಾಕಿಕೊಂಡು ಬೆಳಿಗ್ಗೆ ಸರಸರ ನಡೆಯುತ್ತಾರೆ. ಹೋದ ನವರಾತ್ರಿಗೆ ಅವರಲ್ಲೊಬ್ಬರು ನಿಂತು, ನಿಮ್ಮ ಬಟ್ಟೆಯ ನೀರು ದಾರಿಗೆ ಬರುತ್ತದೆ, ಜಾರುತ್ತದೆ ಎಂದರು. "ಹಂಗಾದ್ರ ಮೆಲ್ಲಕ ನಡೀರಿ," ಎಂದರು ಅತ್ತೆ, ಕೌದಿಯಿಂದ ತಲೆ ಎತ್ತದೆ. ಈಗ ಅವರು ತುಳಿಯುವುದಿಲ್ಲ, ದಂಡೆಯ ಮೇಲೆ ಕೂತು ನನಗೆ ಹೇಗೆ ತುಳಿಯಬೇಕೆಂದು ಹೇಳುತ್ತಾರೆ. ನಾಲೆಯಲ್ಲಿ ಬಣ್ಣ ಇನ್ನೂ ಹರಿಯುತ್ತದೆ. ಅದರ ಬಗ್ಗೆ ನಾವು ಕೊಲ್ಹಾಪುರದವರೆಗೆ ಹೋಗಿ ಬಂದೆವು. ನೋಡುತ್ತೇವೆ ಎಂದಿದ್ದಾರೆ. ನಾವೂ ನೋಡುತ್ತಿದ್ದೇವೆ.

ಮೊನ್ನೆ ಮಂಗಳವಾರದ ಸಂತೆಯನ್ನು ನಮ್ಮ ರಸ್ತೆಯಿಂದ ಬೈಪಾಸಿನ ಆಚೆ ಒಯ್ಯುವ ವಿಷಯ ಸಭೆಗೆ ಬಂದಿದೆ ಎಂದು ಗೊತ್ತಾಯಿತು. ನಾನು ಮತ್ತು ವೈನಿ ಕೆಲಸ ಮುಗಿಸಿ ಹೋಗಿ ಗ್ಯಾಲರಿಯಲ್ಲಿ ಕೂತೆವು. ಶಿಪಾಯಿ ಮೆಟ್ಟಿಲು ಏರಿ ಬಂದು, ನಮ್ಮ ಕೈಚೀಲಗಳನ್ನು ಅನುಮಾನದಿಂದ ನೋಡಿದ.

"ಇವತ್ತ ಯಾಕ ಬಂದೀರಿ ಅಕ್ಕಾರ?"

"ಕೇಳಾಕ," ಎಂದೆ.

"ಬರೇ ಕೇಳಾಕ?"

"ಇವತ್ತ ಬರೇ ಕೇಳಾಕ," ಎಂದರು ವೈನಿ. ಅವನು ಕೆಳಗೆ ಹೋಗಿ ನಮಗಾಗಿ ಪಂಖಾ ಹಚ್ಚಿದ.